ಕಾವಲಿನ ಕಣ್ಣು ಯಾರ ಕೈಯಲ್ಲಿ? – ಕ್ಲೌಡ್ ಇಲ್ಲದ ಮನೆಗಾವಲಿನ ಒಂದು ಚರಿತ್ರೆ

ನನ್ನ ಧ್ವನಿ ಕೇಳಿಸ್ತಾ ಉಂಟು ಅಂದುಕೊಳ್ತೇನೆ. ಇಲ್ಲಿ ಕಾಸರಗೋಡಿನಲ್ಲಿ ಬೆಳಗ್ಗಿನಿಂದ ಮಳೆ. ಕರೆಂಟು ಎರಡು ಸಲ ಹೋಗಿ ಬಂತು. ಮಾತಿನ ನಡುವೆ ನಾನು ಕಾಣೆಯಾದರೆ ದಯವಿಟ್ಟು ಸ್ವಲ್ಪ ಕಾಯಿರಿ. ಇಂದಿನ ವಿಷಯಕ್ಕೂ ಈ ಕರೆಂಟಿಗೂ ಸಂಬಂಧ ಉಂಟು.

ಕನ್ನಡ ಎಂ.ಎ. ವಿದ್ಯಾರ್ಥಿ ಸಿ.ಸಿ. ಕ್ಯಾಮೆರಾದ ಬಗ್ಗೆ ಯಾಕೆ ಮಾತಾಡಬೇಕು ಎಂದು ವಿಷಯ ಕೊಟ್ಟಾಗಲೇ ಕೆಲವರು ಕೇಳಿದರು. ನನ್ನ ಉತ್ತರ ಇಷ್ಟು: ಕಾವಲು ಎಂಬುದು ನಮ್ಮ ಶಾಸನಗಳಲ್ಲಿ, ವಚನಕಾರರ ಹೆಸರುಗಳಲ್ಲಿ, ದೈವಾರಾಧನೆಯಲ್ಲಿ ಇರುವ ವಿಷಯ. ಅದೇ ಕಾವಲು ಈಗ ನಮ್ಮ ಮನೆಗಳಲ್ಲಿ ಒಂದು ಸಣ್ಣ ಬಿಳಿ ಕ್ಯಾಮೆರಾದ ರೂಪದಲ್ಲಿ ಕೂತಿದೆ. ಅದು ಕಂಡದ್ದು ಎಲ್ಲಿಗೆ ಹೋಗುತ್ತದೆ, ಯಾರ ಹತ್ತಿರ ಉಳಿಯುತ್ತದೆ ಎಂಬ ಪ್ರಶ್ನೆ ತಂತ್ರಜ್ಞಾನದ್ದು ಮಾತ್ರವಲ್ಲ, ಚರಿತ್ರೆಯದ್ದೂ ಹೌದು. ಈ ಪ್ರಬಂಧದಲ್ಲಿ ಮೊದಲು ಆ ಚರಿತ್ರೆಯನ್ನು ಸಂಕ್ಷಿಪ್ತವಾಗಿ ನೋಡಿ, ಆಮೇಲೆ ನನ್ನ ಅಜ್ಜಿಮನೆಯಲ್ಲಿ ಕ್ಲೌಡ್ ಇಲ್ಲದೆ ಕೆಲಸ ಮಾಡುವ ಒಂದು ಕಾವಲು ವ್ಯವಸ್ಥೆಯನ್ನು ಕಟ್ಟಿದ ಅನುಭವವನ್ನು ಹೇಳ್ತೇನೆ.

1. ಕಾವಲು ಎಂಬ ಮಾತು

'ಕಾಯು' ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ರಕ್ಷಿಸು ಎಂಬ ಅರ್ಥವೂ ಉಂಟು, ನಿರೀಕ್ಷಿಸು ಎಂಬ ಅರ್ಥವೂ ಉಂಟು. ತುಳುವಿನ 'ಕಾಪುನಿ'ಗೂ ಇವೆರಡೂ ಅರ್ಥ. ಮಲಯಾಳದಲ್ಲಿ, ತಮಿಳಿನಲ್ಲಿ 'ಕಾವಲ್' ಎಂದೇ ಇದೆ. ಹಾಗಾಗಿ ಕಾಸರಗೋಡಿನ ಒಂದೇ ಬೀದಿಯಲ್ಲಿ ಮೂರು ಭಾಷೆಯವರಿಗೂ ಈ ಪದವನ್ನು ಅನುವಾದಿಸಿ ಹೇಳುವ ಅಗತ್ಯ ಬೀಳುವುದಿಲ್ಲ.

ಕನ್ನಡದ ವೀರಗಲ್ಲುಗಳನ್ನು ಓದಿದವರಿಗೆ ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬ ಪದಗಳು ಪರಿಚಿತ. ದನ ಹಿಡಿದುಕೊಂಡು ಹೋದವರನ್ನು ಅಟ್ಟಿ ಸತ್ತವನು, ಊರಿಗೆ ನುಗ್ಗಿದವರನ್ನು ತಡೆದು ಸತ್ತವನು, ಹೆಣ್ಣುಮಕ್ಕಳ ಕೂಗಿಗೆ ಓಗೊಟ್ಟು ಸತ್ತವನು – ಇವರ ಕಲ್ಲುಗಳು ಊರೊಳಗೇ, ಅವರು ಕಾದ ಜಾಗದ ಹತ್ತಿರವೇ ನಿಂತಿವೆ. ಶಾಸನಗಳಲ್ಲಿ ಕಾಣುವ ತಳಾರ, ಮುಂದೆ ತಳವಾರ, ಊರಿನ ಕಾವಲಿನವನು. ಹನ್ನೆರಡನೆಯ ಶತಮಾನದ ಶರಣ ಚಳವಳಿಯ ಪರಂಪರೆಯಲ್ಲಿ ತಳವಾರ ಕಾಮಿದೇವಯ್ಯ ಇದ್ದಾರೆ, ಎಚ್ಚರಿಕೆ ಕಾಯಕದ ಮುಕ್ತಿನಾಥಯ್ಯ ಇದ್ದಾರೆ. ಎಚ್ಚರಿಸುವುದೇ ಒಂದು ಕಾಯಕ ಎಂದು ಹೆಸರಿನಲ್ಲೇ ದಾಖಲಾಗಿದೆ. ಈ ಎಲ್ಲರಲ್ಲಿ ಒಂದು ಸಾಮಾನ್ಯ ಅಂಶ ಉಂಟು: ಕಾಯುವವನು ಯಾರೆಂದು ಊರಿಗೆ ಗೊತ್ತು. ಅವನು ತಪ್ಪಿದರೆ ಕೇಳುವುದಕ್ಕೆ ಅವನ ಮನೆಬಾಗಿಲು ಉಂಟು.

ನಮ್ಮ ಗಡಿಯಲ್ಲಿ ಇದರ ದೊಡ್ಡ ರೂಪ ಇಕ್ಕೇರಿ ನಾಯಕರ ಕೋಟೆಗಳು. ಬೇಕಲ ಕೋಟೆಯನ್ನು ಸುಮಾರು 1650ರಲ್ಲಿ ಶಿವಪ್ಪ ನಾಯಕ ಕಟ್ಟಿಸಿದನೆಂದು ಹೇಳುತ್ತಾರೆ. ಅಲ್ಲಿಯ ಎತ್ತರದ ವೀಕ್ಷಣಾ ಬುರುಜಿನ ಮೇಲೆ ನಿಂತರೆ ಕಡಲೂ ಕರಾವಳಿಯೂ ಒಟ್ಟಿಗೆ ಕಾಣುತ್ತವೆ. ಸಣ್ಣ ರೂಪ ನಮ್ಮ ಮನೆಗಳು. ತೋಟದ ದಾರಿಗೆ ತಡಮೆ, ಸುತ್ತ ಪಾಗಾರ, ಜಗಲಿಯಲ್ಲಿ ಕೂತ ಹಿರಿಯರು, ಒಂದು ನಾಯಿ, ಬಾಗಿಲಿಗೆ ಅಗುಳಿ. ಇವುಗಳ ಮೇಲೆ ದೈವದ ಕಾವಲು. ಹಲಸಿನ ಮರಕ್ಕೆ ಸೊಪ್ಪು ಕಟ್ಟಿ ದೈವದ ಹೆಸರು ಹೇಳಿದರೆ ಯಾರೂ ಮುಟ್ಟುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಾರೆ. ಏನಾದರೂ ಕಳೆದುಹೋದರೆ ಇವತ್ತಿಗೂ ಜನ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಹರಕೆ ಹೇಳುತ್ತಾರೆ. ನಂಬಿಕೆಯನ್ನು ಇಲ್ಲಿ ನಾನು ಅಳೆಯಲು ಹೋಗುವುದಿಲ್ಲ. ಕಾವಲು ಎಂಬುದು ಮನೆಯ ಮಿತಿಯೊಳಗೆ, ನೆರೆಕರೆಯ ಪರಿಚಯದೊಳಗೆ ನಡೆಯುತ್ತಿತ್ತು ಎಂಬುದನ್ನು ಮಾತ್ರ ಗಮನಿಸುತ್ತೇನೆ.

ಹಾಗೆಂದು ಆ ಕಾಲವನ್ನು ಹೊಗಳುವುದಕ್ಕೂ ನಾನು ಸಿದ್ಧಳಿಲ್ಲ. ಜಗಲಿಯ ಹಿರಿಯರ ಕಣ್ಣು ಕಳ್ಳನನ್ನು ಮಾತ್ರ ನೋಡುತ್ತಿರಲಿಲ್ಲ. ಮನೆಯ ಹುಡುಗಿ ಎಷ್ಟು ಹೊತ್ತಿಗೆ ಬಂದಳು, ಅಂಗಳದ ಆಚೆ ಯಾವ ಜಾತಿಯವರು ನಿಂತರು ಎಂಬುದನ್ನೂ ಅದೇ ಕಣ್ಣು ಕಾಯುತ್ತಿತ್ತು. ಕಾವಲಿನ ಜೊತೆ ಕಣ್ಗಾವಲು ಮೊದಲಿನಿಂದಲೂ ಇದೆ. ಇದನ್ನು ಮರೆತರೆ ಮುಂದಿನ ಕತೆ ಅರ್ಧ ಮಾತ್ರ ಅರ್ಥವಾಗುತ್ತದೆ.

2. ಗಂಟೆ ಮನೆಯಿಂದ ಹೊರಗೆ ಹೋದದ್ದು

ಯಾಂತ್ರಿಕ ಕಾವಲಿನ ಚರಿತ್ರೆ ಅಮೆರಿಕದಲ್ಲಿ ಶುರುವಾಗುತ್ತದೆ. ಮ್ಯಾಸಚೂಸೆಟ್ಸಿನ ಸಾಮರ್‌ವಿಲ್‌ನ ಅಗಸ್ಟಸ್ ಪೋಪ್ 1853ರ ಜೂನ್ 21ರಂದು ವಿದ್ಯುತ್ ಕಳ್ಳಗಂಟೆಗೆ ಪೇಟೆಂಟ್ ಪಡೆದರು. ಬಾಗಿಲು, ಕಿಟಕಿಗಳಿಗೆ ತಂತಿ. ಯಾವುದಾದರೂ ತೆರೆದರೆ ಮಂಡಲ ಪೂರ್ಣವಾಗಿ ವಿದ್ಯುತ್ ಹರಿದು, ಕಾಂತವು ಸುತ್ತಿಗೆಯನ್ನು ಅಲುಗಿಸಿ ಗಂಟೆ ಬಾರಿಸುತ್ತಿತ್ತು. ತೆರೆದವನು ಬಾಗಿಲನ್ನು ಮತ್ತೆ ಮುಚ್ಚಿದರೂ ಗಂಟೆ ನಿಲ್ಲದ ಹಾಗೆ ಏರ್ಪಾಡು ಇತ್ತು. 1857ರಲ್ಲಿ ಎಡ್ವಿನ್ ಹೋಮ್ಸ್ ಈ ಹಕ್ಕನ್ನು ಕೊಂಡು ವ್ಯಾಪಾರ ಮಾಡಿದರು. ಈ ಹಂತದಲ್ಲಿ ಗಂಟೆ ಮನೆಯದ್ದು, ಬ್ಯಾಟರಿ ಮನೆಯದ್ದು, ಎಚ್ಚರಗೊಳ್ಳುವವನೂ ಮನೆಯವನೇ.

1870ರ ದಶಕದಲ್ಲಿ ಒಂದು ಬದಲಾವಣೆ ಆಯಿತು. ಮನೆಮನೆಯ ತಂತಿಯನ್ನು ಊರ ನಡುವಿನ ಒಂದು ಕೇಂದ್ರಕ್ಕೆ ಎಳೆಯತೊಡಗಿದರು. ಗಂಟೆ ಕೇಂದ್ರದಲ್ಲಿ ಬಾರಿಸುತ್ತದೆ, ಅಲ್ಲಿಂದ ಆಳು ಓಡಿ ಬರುತ್ತಾನೆ, ಮನೆಯವರು ಚಂದಾ ಕಟ್ಟುತ್ತಾರೆ. 1877ರಲ್ಲಿ ಬಾಸ್ಟನ್ನಿನಲ್ಲಿ ಹೋಮ್ಸ್ ಕಂಪೆನಿಯ ಇದೇ ಕಳ್ಳಗಂಟೆಯ ತಂತಿಗಳನ್ನು ಬಳಸಿ ದೂರವಾಣಿ ವಿನಿಮಯ ಕೇಂದ್ರದ ಆರಂಭದ ಪ್ರಯೋಗ ನಡೆಯಿತು.

ಇದು ನನಗೆ ಮುಖ್ಯವಾಗಿ ಕಾಣುವ ಘಟ್ಟ. ಕ್ಲೌಡ್ ಎಂದರೆ ನಿನ್ನೆ ಮೊನ್ನೆ ಬಂದದ್ದು ಎಂದು ನಾವು ತಿಳಿದಿದ್ದೇವೆ. ಆದರೆ ಅದರ ಮೂರು ಲಕ್ಷಣಗಳು – ಎಚ್ಚರಿಕೆ ಮನೆಯಿಂದ ಹೊರಗಿನ ಕೇಂದ್ರಕ್ಕೆ ಹೋಗುವುದು, ತಂತಿ ಕಡಿದರೆ ಕಾವಲು ಕುರುಡಾಗುವುದು, ಕಾವಲಿಗೆ ತಿಂಗಳ ಚಂದಾ ಕಟ್ಟುವುದು – 150 ವರ್ಷ ಹಳೆಯವು. ಆಗ ಕೇಂದ್ರ ಅದೇ ಊರಿನಲ್ಲಿತ್ತು, ಹೋಗಿ ಕೇಳಬಹುದಿತ್ತು. ಇದೊಂದು ವ್ಯತ್ಯಾಸ.

3. ಕ್ವೀನ್ಸ್‌ನ ನರ್ಸ್

ಕ್ಯಾಮೆರಾ ಕಾವಲಿಗೆ ಬಂದದ್ದು ಯುದ್ಧದಿಂದ. 1942ರಲ್ಲಿ ಜರ್ಮನಿಯ ಪೇನೆಮುಂಡೆಯಲ್ಲಿ ವಿ-2 ರಾಕೆಟ್ಟಿನ ಉಡಾವಣೆಯನ್ನು ದೂರದಿಂದ ನೋಡುವುದಕ್ಕೆ ವಾಲ್ಟರ್ ಬ್ರೂಖ್ ಎಂಬ ಎಂಜಿನಿಯರ್ ಮುಚ್ಚಿದ ಮಂಡಲದ ಟಿ.ವಿ. ವ್ಯವಸ್ಥೆ ಮಾಡಿದರು. ಅದನ್ನು ಮನೆಗೆ ತಂದದ್ದು ಒಬ್ಬ ಕಪ್ಪುವರ್ಣೀಯ ಮಹಿಳೆ. ನ್ಯೂಯಾರ್ಕಿನ ಕ್ವೀನ್ಸ್‌ನ ಜಮೈಕಾ ಎಂಬಲ್ಲಿದ್ದ ಮೇರಿ ವಾನ್ ಬ್ರಿಟನ್ ಬ್ರೌನ್ ವೃತ್ತಿಯಲ್ಲಿ ನರ್ಸ್. ಅವರದ್ದೂ ಗಂಡ ಆಲ್ಬರ್ಟರದ್ದೂ ಹೊತ್ತುಗೊತ್ತಿಲ್ಲದ ಕೆಲಸ. ಎಷ್ಟೋ ರಾತ್ರಿ ಅವರು ಒಬ್ಬರೇ ಇರಬೇಕಿತ್ತು, ಕರೆದರೆ ಪೊಲೀಸರು ಬೇಗ ಬರುತ್ತಿರಲಿಲ್ಲ. 1966ರ ಆಗಸ್ಟ್ 1ರಂದು ಇಬ್ಬರೂ ಸೇರಿ ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರ್ 2ರಂದು ಅದು ಮಂಜೂರಾಯಿತು.

ಅವರ ಯೋಜನೆಯಲ್ಲಿ ಮುಂಬಾಗಿಲಿಗೆ ಬೇರೆ ಬೇರೆ ಎತ್ತರದಲ್ಲಿ ನಾಲ್ಕು ಇಣುಕುಕಂಡಿಗಳು, ಅವುಗಳ ಹಿಂದೆ ಮೇಲೆ ಕೆಳಗೆ ಜಾರುವ ಒಂದು ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಪರದೆ, ಎರಡೂ ಕಡೆ ಮಾತಾಡುವ ಮೈಕ್, ಒಳಗಿನಿಂದಲೇ ಬಾಗಿಲು ತೆರೆಯುವ ಗುಂಡಿ, ಅಪಾಯ ಬಂದರೆ ಎಚ್ಚರಿಕೆ ಕೊಡುವ ಗುಂಡಿ ಇದ್ದವು. ಇವತ್ತಿನ ವಿಡಿಯೊ ಡೋರ್‌ಬೆಲ್ಲಿನ ಬಹುಪಾಲು ಅಲ್ಲೇ ಇತ್ತು. ಗಮನಿಸಿ: ಚಿತ್ರ ಬಾಗಿಲಿನಿಂದ ಮಲಗುವ ಕೋಣೆಗೆ ಹೋಗುತ್ತದೆ, ಮನೆಯನ್ನು ಬಿಟ್ಟು ಹೊರಗೆ ಹೋಗುವುದು ಮನೆಯಾಕೆ ಬಯಸಿದಾಗ ಮಾತ್ರ. ನೋಡುವವಳು ಆ ಮನೆಯ ಹೆಂಗಸು. ಮನೆಯ ಹೆಂಗಸು ನೋಡಲ್ಪಡುವವಳಾದದ್ದು ಆಮೇಲಿನ ಕತೆ.

4. ಕ್ಲೌಡ್ ಬಂದ ಮೇಲೆ

1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪೆನಿ ನೆಟ್‌ವರ್ಕಿಗೆ ನೇರ ಜೋಡಿಸಬಹುದಾದ ಮೊದಲ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. 2008ರಲ್ಲಿ ಆಕ್ಸಿಸ್, ಬಾಷ್, ಸೋನಿ ಸೇರಿ ಓನ್‌ವಿಫ್ ಎಂಬ ಸಾಮಾನ್ಯ ಮಾನದಂಡಕ್ಕೆ ನಾಂದಿ ಹಾಡಿದವು. ಇದರಿಂದ ಒಂದು ಕಂಪೆನಿಯ ಕ್ಯಾಮೆರಾ ಇನ್ನೊಂದು ಕಂಪೆನಿಯ ರೆಕಾರ್ಡರಿನ ಜೊತೆ ಮಾತಾಡುವಂತಾಯಿತು. ಇದು ತೆರೆದ ದಾರಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆಯಿತು. 2009ರಲ್ಲಿ ಡ್ರಾಪ್‌ಕ್ಯಾಮ್ ಬಂತು. 2014ರಲ್ಲಿ ಅದು ಗೂಗಲ್ ಒಡೆತನದ ನೆಸ್ಟ್‌ನ ಪಾಲಾಯಿತು. 2018ರಲ್ಲಿ ಅಮೆಜಾನ್ ರಿಂಗ್ ಕಂಪೆನಿಯನ್ನು ಕೊಂಡಿತು. ಈ ಕ್ಯಾಮೆರಾಗಳನ್ನು ಗೋಡೆಗೆ ಅಂಟಿಸಿ ಫೋನಿನಲ್ಲಿ ಆ್ಯಪ್ ಹಾಕಿದರೆ ಸಾಕು. ಸುಲಭ ಎಂಬುದು ನಿಜ. ಆದರೆ ಚಿತ್ರ ಕಂಪೆನಿಯ ಸರ್ವರಿಗೆ ಹೋಗಿ ಅಲ್ಲಿಂದ ನಮಗೆ ವಾಪಸು ಬರಬೇಕು.

ಇದರ ಪರಿಣಾಮಗಳು ಸಾರ್ವಜನಿಕ ದಾಖಲೆಯಲ್ಲಿವೆ. 2021ರ ಮಾರ್ಚಿನಲ್ಲಿ ವೆರ್ಕಾಡ ಎಂಬ ಕಂಪೆನಿಯ ವ್ಯವಸ್ಥೆಗೆ ಹ್ಯಾಕರುಗಳು ನುಗ್ಗಿ, ಸುಮಾರು 1,50,000 ಕ್ಯಾಮೆರಾಗಳು ಅವರ ಕೈಗೆಟಕಿದವು. ಆಸ್ಪತ್ರೆ, ಜೈಲು, ಶಾಲೆಗಳ ಕ್ಯಾಮೆರಾಗಳೂ ಅದರಲ್ಲಿದ್ದವು. 2023ರ ಮೇ ತಿಂಗಳಲ್ಲಿ, ನೌಕರರು ಗ್ರಾಹಕರ ಖಾಸಗಿ ವಿಡಿಯೊಗಳನ್ನು ನೋಡಲು ಬಿಟ್ಟ ಆರೋಪದ ಮೇಲೆ ರಿಂಗ್ 58 ಲಕ್ಷ ಡಾಲರ್ ಕೊಡಲು ಒಪ್ಪಿತು. 2024ರ ಫೆಬ್ರವರಿಯಲ್ಲಿ ವೈಜ್ ಕಂಪೆನಿಯ ಸುಮಾರು 13,000 ಗ್ರಾಹಕರಿಗೆ ಬೇರೆಯವರ ಮನೆಯ ಚಿತ್ರಗಳು ಕಾಣಿಸಿದವು. ಅದೇ ವರ್ಷದ ಏಪ್ರಿಲ್ 8ರಂದು ನೆಸ್ಟ್ ಸೆಕ್ಯೂರ್ ಎಂಬ ಮನೆಗಾವಲು ವ್ಯವಸ್ಥೆಯ ಸೇವೆ ನಿಂತಿತು. ಉಪಕರಣ ಗೋಡೆಯ ಮೇಲೆ ಸರಿಯಾಗಿಯೇ ಇತ್ತು, ದೂರದ ಸರ್ವರ್ ಕೆಲಸ ನಿಲ್ಲಿಸಿತು.

ಕನ್ನಡ ಸಂಶೋಧನೆ ಮಾಡುವ ನಮಗೆ ಈ ಪಾಡು ಹೊಸದಲ್ಲ. ಕರ್ನಲ್ ಕಾಲಿನ್ ಮೆಕೆಂಜಿ ಊರೂರಿನ ಕೈಫಿಯತ್ತುಗಳನ್ನು ಸಂಗ್ರಹಿಸಿದರು, 1821ರಲ್ಲಿ ತೀರಿಕೊಂಡರು. ಆ ಸಂಗ್ರಹ ಹಂಚಿಹೋಗಿ ಒಂದು ಭಾಗ ಮದ್ರಾಸಿನಲ್ಲಿ, ಇನ್ನೊಂದು ಭಾಗ ಲಂಡನ್ನಿನಲ್ಲಿ ಉಳಿಯಿತು. ನಮ್ಮ ಊರಿನ ಸುದ್ದಿ ಓದಲು ನಾವು ಬೇರೆ ಊರಿನ ಅನುಮತಿ ಕೇಳಬೇಕು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡಿನವರಿಗಂತೂ ಹಳೆಯ ಕಾಗದ ಒಂದು ಕಡೆ, ಈಗಿನ ಕಚೇರಿ ಇನ್ನೊಂದು ಕಡೆ ಎಂಬ ಅನುಭವ ಮನೆಮನೆಯಲ್ಲಿ ಉಂಟು. ಮೆಕೆಂಜಿ ಸಂಗ್ರಹಿಸದಿದ್ದರೆ ಅವೆಷ್ಟೋ ಉಳಿಯುತ್ತಲೇ ಇರಲಿಲ್ಲ ಎಂಬುದನ್ನೂ ಒಪ್ಪಬೇಕು. ದೂರದಲ್ಲಿಟ್ಟದ್ದು ಉಳಿಯುತ್ತದೆ, ಆದರೆ ಕೈಗೆ ಸಿಗುವುದಿಲ್ಲ. ಹತ್ತಿರ ಇಟ್ಟದ್ದು ಕೈಗೆ ಸಿಗುತ್ತದೆ, ಆದರೆ ಗೆದ್ದಲು ತಿನ್ನಬಹುದು. ಕ್ಲೌಡಿನ ಚರ್ಚೆಯೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ.

5. ಅಜ್ಜಿಮನೆಯಲ್ಲಿ ನಡೆದದ್ದು

ನನ್ನ ಅಜ್ಜಿಮನೆ ಬದಿಯಡ್ಕದಿಂದ ಒಳಗೆ. ಅಡಿಕೆ ತೋಟ, ಮುಂದೆ ದೊಡ್ಡ ಅಂಗಳ. ಮಾವ ಶಾರ್ಜಾದಲ್ಲಿ. ಅಜ್ಜ ಹೋದ ಮೇಲೆ ಅಜ್ಜಿ ಒಬ್ಬರೇ. ನಾನು ವಾರದ ಕೊನೆಗೆ ಹೋಗುತ್ತೇನೆ. ಮಾವ ಒಮ್ಮೆ ರಜೆಗೆ ಬಂದಾಗ ಎರಡು ಕ್ಲೌಡ್ ಕ್ಯಾಮೆರಾ ಹಾಕಿಸಿದರು, ಒಂದು ಅಂಗಳಕ್ಕೆ, ಒಂದು ಜಗಲಿಗೆ. ಅಜ್ಜಿಯನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಸ್ವಲ್ಪ ಸಮಯದಲ್ಲಿ ಶಾರ್ಜಾದಿಂದ ಫೋನು ಬರತೊಡಗಿತು. "ಅಮ್ಮ, ಇವತ್ತು ಜಗಲಿಗೆ ಬರುವಾಗ ತಡ ಆಯ್ತಲ್ಲ?" "ಅಮ್ಮ, ಬಂದವರು ಯಾರು?" ಪ್ರೀತಿಯಿಂದಲೇ ಕೇಳುವುದು. ಆದರೆ ಅಜ್ಜಿ ಮಧ್ಯಾಹ್ನ ಜಗಲಿಯಲ್ಲಿ ಕಾಲು ಚಾಚಿ ಕೂತು ಎಲೆಅಡಿಕೆ ಹಾಕುವುದನ್ನು ಬಿಟ್ಟರು. ಸ್ನಾನ ಮಾಡಿ ಕೂದಲು ಒಣಗಿಸಲಿಕ್ಕೆ ಹಿಂದಿನ ಬಾಗಿಲಿಗೆ ಹೋಗತೊಡಗಿದರು. ಅಲ್ಲಿ ಮೆಟ್ಟಿಲು ಜಾರುತ್ತದೆ. ಒಂದು ದಿನ ನನ್ನ ಹತ್ತಿರ ಕೇಳಿದರು: "ಇದನ್ನು ಅಡಿಕೆ ಕಾಯ್ಲಿಕ್ಕೆ ಇಟ್ಟದ್ದೋ, ನನ್ನನ್ನು ಕಾಯ್ಲಿಕ್ಕೆ ಇಟ್ಟದ್ದೋ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ತುಲಾ ತಿಂಗಳ ಗುಡುಗುಮಳೆಯ ಒಂದು ರಾತ್ರಿ. ಸಂಜೆಯೇ ಇಂಟರ್ನೆಟ್ ಹೋಗಿತ್ತು. ಬೆಳಗ್ಗೆ ನೋಡುವಾಗ ಕೊಟ್ಟಿಗೆಯ ಪಕ್ಕದ ಕೋಣೆಯಿಂದ ಎರಡು ಗೋಣಿ ಅಡಿಕೆ ಇಲ್ಲ. ಆ್ಯಪ್ ತೆರೆದರೆ ರಾತ್ರಿಯ ಜಾಗದಲ್ಲಿ ಕ್ಯಾಮೆರಾ ಸಂಪರ್ಕದಲ್ಲಿಲ್ಲ ಎಂಬ ಒಂದು ಸಾಲು. ಹಿಂದಿನ ವಾರ ಯಾರಾದರೂ ಬಂದು ನೋಡಿ ಹೋಗಿದ್ದರಾ ಎಂದು ಹುಡುಕಿದೆವು. ಚಂದಾದ ಅವಧಿ ಮುಗಿದಿತ್ತು, ಹಳೆಯ ವಿಡಿಯೊ ಸಿಗಲಿಲ್ಲ. ಸಹಾಯವಾಣಿಯಲ್ಲಿ ಇಂಗ್ಲಿಷು ಅಥವಾ ಹಿಂದಿ. ಪೊಲೀಸರ ಮುಂದೆ ಇಡಲು ಏನೂ ಇರಲಿಲ್ಲ. ಅಜ್ಜಿ ಜಗಲಿಗೆ ಬಂದು ಕೂತದ್ದು ದಿನವೂ ದಾಖಲಾಗಿತ್ತು, ಅಡಿಕೆ ಹೋದದ್ದು ದಾಖಲಾಗಲಿಲ್ಲ.

6. ಕಟ್ಟಿದ ಕ್ರಮ

ಆ ದೀಪಾವಳಿ ರಜೆಯಲ್ಲಿ ಚಿಕ್ಕಮ್ಮನ ಮಗನೂ ನಾನೂ ಸೇರಿ ಹೊಸ ವ್ಯವಸ್ಥೆ ಮಾಡಿದೆವು. ಅವನು ವಯರಿಂಗ್ ಕೆಲಸ ಬಲ್ಲವನು. ಕ್ರಮವಾಗಿ ಹೇಳ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು.

ಮೊದಲನೆಯದು, ಯಾವುದನ್ನು ನೋಡಬಾರದು ಎಂಬ ನಿರ್ಧಾರ. ಇದನ್ನು ಅಜ್ಜಿಯೇ ಮಾಡಿದರು. ತಡಮೆ, ಅಂಗಳ, ಕೊಟ್ಟಿಗೆಯ ಪಕ್ಕದ ಕೋಣೆಯ ಬಾಗಿಲು – ಈ ಮೂರು ಸಾಕು, ಜಗಲಿ ಬೇಡ ಎಂದರು. ಅಂಗಳದ ಕ್ಯಾಮೆರಾದಲ್ಲಿ ಜಗಲಿಯ ಅಂಚು ಕಾಣುತ್ತಿತ್ತು. ಕ್ಯಾಮೆರಾದ ಸೆಟ್ಟಿಂಗಿನಲ್ಲೇ ಆ ಭಾಗವನ್ನು ಕಪ್ಪು ಪಟ್ಟಿಯಿಂದ ಮುಚ್ಚಿದೆವು.

ಎರಡನೆಯದು ಕ್ಯಾಮೆರಾ. ಓನ್‌ವಿಫ್ ಮತ್ತು ಆರ್‌ಟಿಎಸ್‌ಪಿ ಎರಡನ್ನೂ ಬೆಂಬಲಿಸುವ ತಂತಿಯ ಕ್ಯಾಮೆರಾ ಮೂರು. ಒಂದೇ ಕೇಬಲಿನಲ್ಲಿ ವಿದ್ಯುತ್ತೂ ಚಿತ್ರವೂ ಹೋಗುತ್ತದೆ, ಒಂದು ಎಳೆತಕ್ಕೆ 100 ಮೀಟರ್ ಮಿತಿ. ಆ್ಯಪ್ ಇಲ್ಲದೆ, ಖಾತೆ ತೆರೆಯದೆ ಕ್ಯಾಮೆರಾ ಕೆಲಸ ಮಾಡುತ್ತದಾ ಎಂದು ಕೊಳ್ಳುವಾಗಲೇ ಅಂಗಡಿಯಲ್ಲಿ ಕೇಳಬೇಕು. ಪೆಟ್ಟಿಗೆಯ ಮೇಲೆ ಸ್ಥಳೀಯ ಸಂಗ್ರಹ ಎಂದು ಬರೆದದ್ದನ್ನು ಮಾತ್ರ ನಂಬಿದರೆ ಸಾಲದು. 2022ರ ನವೆಂಬರಿನಲ್ಲಿ, ಎಲ್ಲವೂ ಮನೆಯಲ್ಲೇ ಉಳಿಯುತ್ತದೆ ಎಂದು ಮಾರುತ್ತಿದ್ದ ಯೂಫಿಯ ಕ್ಯಾಮೆರಾಗಳು ಚಿಕ್ಕ ಚಿತ್ರಗಳನ್ನು ಕ್ಲೌಡಿಗೆ ಕಳಿಸುತ್ತಿದ್ದುದು ಬಯಲಾಯಿತು.

ಮೂರನೆಯದು ರೆಕಾರ್ಡರು. ಮಾವನ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಫ್ರಿಗೇಟ್ ಎಂಬ ಮುಕ್ತ ತಂತ್ರಾಂಶ ಹಾಕಿದೆವು. ಬಂದದ್ದು ಮನುಷ್ಯನೋ ನಾಯಿಯೋ ಎಂದು ಗುರುತಿಸುವ ಕೆಲಸವೂ ಆ ಪೆಟ್ಟಿಗೆಯೊಳಗೇ ನಡೆಯುತ್ತದೆ. ಎಚ್ಚರಿಕೆಗೆ 2013ರಲ್ಲಿ ಶುರುವಾದ ಹೋಮ್ ಅಸಿಸ್ಟೆಂಟ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ. ಜಾಗದ ಲೆಕ್ಕ ಸರಳ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸಿದರೆ ದಿನಕ್ಕೆ 21.6 ಜಿ.ಬಿ. ಮೂರಕ್ಕೆ ಸುಮಾರು 65 ಜಿ.ಬಿ. ಹಾಗಾದರೆ 2 ಟಿ.ಬಿ. ಡಿಸ್ಕಿನಲ್ಲಿ 30 ದಿನ ಉಳಿಯುತ್ತದೆ. ಆಮೇಲೆ ಹಳೆಯದು ತಾನಾಗಿ ಅಳಿಯುತ್ತದೆ. ಅಳಿಯುವುದೂ ಒಳ್ಳೆಯದೇ. ನೆರೆಕರೆಯವರು ಬಂದು ಹೋದದ್ದನ್ನು ವರ್ಷಗಟ್ಟಲೆ ಇಟ್ಟುಕೊಳ್ಳಲು ನಾವು ಯಾರು?

ನಾಲ್ಕನೆಯದು ಬೇಲಿ. ಕ್ಯಾಮೆರಾಗಳು ಮನೆಯ ವೈಫೈಗೆ ಸೇರಿಲ್ಲ. ಅವುಗಳ ಸ್ವಿಚ್ ಬೇರೆ, ಅದು ರೆಕಾರ್ಡರಿಗೆ ಮಾತ್ರ ಜೋಡಿಸಿದೆ. ಕಾರ್ಖಾನೆಯ ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದೆವು. ಇದು ಅತಿ ಎಚ್ಚರವಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೆಕಾರ್ಡರುಗಳನ್ನು ವಶಮಾಡಿಕೊಂಡು ಅಕ್ಟೋಬರ್ 21ರಂದು ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನೇ ಮಲಗಿಸಿತು. ಮನೆಯಲ್ಲಿರುವ ಪೆಟ್ಟಿಗೆ ಎಂದಮಾತ್ರಕ್ಕೆ ಸುರಕ್ಷಿತ ಅಲ್ಲ. ಅದು ಇಂಟರ್ನೆಟ್ಟಿಗೆ ಬಾಗಿಲು ತೆರೆದು ಕೂತಿದ್ದರೆ ಕ್ಲೌಡಿಗಿಂತ ಕಷ್ಟ.

ಐದನೆಯದು ವಿದ್ಯುತ್ತು ಮತ್ತು ಸಮಯ. ಸ್ವಿಚ್, ರೆಕಾರ್ಡರ್ ಎರಡೂ ಇನ್ವರ್ಟರಿನ ಮೇಲೆ. ಕ್ಯಾಮೆರಾಗಳ ಗಡಿಯಾರವನ್ನು ರೆಕಾರ್ಡರಿನ ಗಡಿಯಾರಕ್ಕೆ ಹೊಂದಿಸಿದ್ದೇವೆ. ಇದನ್ನು ಮೊದಲು ಮಾಡಿರಲಿಲ್ಲ. ಒಂದು ಸಲ ಕರೆಂಟು ಹೋಗಿ ಬಂದ ಮೇಲೆ ಕ್ಯಾಮೆರಾ ಹಗಲಿನ ಚಿತ್ರಕ್ಕೆ ರಾತ್ರಿಯ ಗಂಟೆ ಬರೆಯುತ್ತಿತ್ತು. ಸಮಯ ತಪ್ಪಿದ ದಾಖಲೆ ಕಾಲ ಹೇಳದ ಶಾಸನದ ಹಾಗೆ, ಇದ್ದರೂ ವಾದಕ್ಕೆ ಸಿಗುವುದಿಲ್ಲ.

ಆರನೆಯದು ಎಚ್ಚರಿಕೆ. ರಾತ್ರಿ ಹತ್ತರ ಮೇಲೆ ಕೋಣೆಯ ಬಾಗಿಲು ತೆರೆದರೆ ಮನೆಯೊಳಗೆ ಗಂಟೆ, ಜೊತೆಗೆ ನೆರೆಮನೆಯಲ್ಲೂ ಒಂದು ಗಂಟೆ. ಅವರ ಒಪ್ಪಿಗೆಯಿಂದ ತಂತಿ ಎಳೆದದ್ದು. ತಡಮೆಯ ಹತ್ತಿರ ಯಾರಾದರೂ ಬಂದರೆ ಮಾತಿನ ಸೂಚನೆ. ಹಳೆಯ ಕ್ಯಾಮೆರಾ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿತ್ತು, ಅಜ್ಜಿ ಬೆಚ್ಚುತ್ತಿದ್ದರು. ಈಗ ನನ್ನದೇ ಧ್ವನಿ: "ಅಜ್ಜಿ, ತಡಮೆ ಹತ್ತಿರ ಯಾರೋ ಬಂದಿದ್ದಾರೆ." ವ್ಯವಸ್ಥೆ ನಮ್ಮದಾದರೆ ಅದರ ಭಾಷೆಯೂ ನಮ್ಮದಾಗಬಹುದು. ಗಡಿನಾಡಿನಲ್ಲಿ ಇದು ಸಣ್ಣ ಮಾತಲ್ಲ ಎಂದು ನನಗನ್ನಿಸುತ್ತದೆ.

ಏಳನೆಯದು ಮಾವ. ದೂರ ಇರುವ ಮಗನಿಗೆ ನೋಡುವ ಹಕ್ಕೇ ಇಲ್ಲ ಎನ್ನುವುದು ಸರಿಯಲ್ಲ. ವೈರ್‌ಗಾರ್ಡ್ ಎಂಬ ಗೂಢ ಸುರಂಗದ ಮೂಲಕ ಅವರ ಫೋನು ರೆಕಾರ್ಡರಿಗೆ ಸೇರುತ್ತದೆ. ನಡುವೆ ಚಿತ್ರ ಇಟ್ಟುಕೊಳ್ಳುವ ಕಂಪೆನಿ ಇಲ್ಲ. ನಮ್ಮ ಇಂಟರ್ನೆಟ್ಟಿನವರು ಮನೆಗೊಂದು ಪ್ರತ್ಯೇಕ ಸಾರ್ವಜನಿಕ ವಿಳಾಸ ಕೊಡುತ್ತಿರಲಿಲ್ಲ, ಐಪಿವಿ6 ಮೂಲಕ ದಾರಿ ಮಾಡಬೇಕಾಯಿತು. ಸುರಂಗವನ್ನು ತೆರೆಯುವ ಮುಚ್ಚುವ ಸ್ವಿಚ್ ಮಾತ್ರ ಅಜ್ಜಿಯ ಹಾಸಿಗೆಯ ಪಕ್ಕದ ಗೋಡೆಯಲ್ಲಿ.

ಎಲ್ಲ ಆದ ಮೇಲೆ ಇಂಟರ್ನೆಟ್ಟಿನ ಕೇಬಲ್ ಕಿತ್ತು, ಮೈನ್ ಸ್ವಿಚ್ ಆರಿಸಿ, ಕತ್ತಲಲ್ಲಿ ನಾನೇ ತಡಮೆ ದಾಟಿ ಬಂದು ಕೋಣೆಯ ಬಾಗಿಲು ತೆರೆದೆ. ಎರಡೂ ಮನೆಯಲ್ಲಿ ಗಂಟೆ ಬಾರಿಸಿತು. ಕಾವಲಿಗೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಾಗಿಲ್ಲ.

7. ಮಿತಿಗಳು ಮತ್ತು ಕಾನೂನು

ಇದನ್ನು ಪರಿಪೂರ್ಣ ಎಂದು ಹೇಳುವುದಿಲ್ಲ. ಮೊದಲ ಸಿಡಿಲಿಗೇ ತಡಮೆಯ ಕ್ಯಾಮೆರಾ ಸುಟ್ಟುಹೋಯಿತು. ತೆರೆದ ಜಾಗದಲ್ಲಿ ಉದ್ದದ ತಾಮ್ರದ ಕೇಬಲ್ ಎಳೆದದ್ದು ನಮ್ಮ ತಪ್ಪು. ಈಗ ಆ ಭಾಗಕ್ಕೆ ಗಾಜಿನ ನಾರಿನ ಕೇಬಲ್ ಹಾಕಿದ್ದೇವೆ. ಕಳ್ಳ ರೆಕಾರ್ಡರನ್ನೇ ಹೊತ್ತುಕೊಂಡು ಹೋದರೆ ಎಲ್ಲವೂ ಹೋಗುತ್ತದೆ. ಹಾಗಾಗಿ ಅದು ಅಟ್ಟದ ಮೇಲಿದೆ, ಮುಖ್ಯ ತುಣುಕುಗಳ ಬೀಗ ಹಾಕಿದ ಪ್ರತಿ ದಿನಕ್ಕೊಮ್ಮೆ ಚಿಕ್ಕಮ್ಮನ ಮನೆಯ ಡಿಸ್ಕಿಗೆ ಹೋಗುತ್ತದೆ. ತಂತ್ರಾಂಶವನ್ನು ಆಗಾಗ ನವೀಕರಿಸಬೇಕು, ಡಿಸ್ಕ್ ಹಳತಾಗುತ್ತದೆ. ಚಂದಾ ಉಳಿಯಿತು, ನನ್ನ ಭಾನುವಾರಗಳು ಅದರ ಬದಲಿಗೆ ಹೋದವು.

ಕಾನೂನಿನ ಮಾತು ಎರಡು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಹೇಳಿತು. ಆ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬ ಸ್ವಂತ ಅಥವಾ ಗೃಹಬಳಕೆಗೆ ಮಾಡುವ ಕೆಲಸಕ್ಕೆ ಅನ್ವಯಿಸುವುದಿಲ್ಲ. ಮನೆಯೊಳಗೆ ಒಬ್ಬರ ಮೇಲೆ ಇನ್ನೊಬ್ಬರು ಇಡುವ ಕಣ್ಣಿಗೆ ಈ ಕಾಯ್ದೆ ಬಾಯಿ ಹಾಕುವುದಿಲ್ಲ ಎಂದಾಯಿತು. 2025ರಲ್ಲಿ ಕಲ್ಕತ್ತಾ ಹೈಕೋರ್ಟು, ಒಂದೇ ಮನೆಯಲ್ಲಿ ವಾಸಿಸುವವರ ಒಪ್ಪಿಗೆ ಇಲ್ಲದೆ ವಾಸದ ಭಾಗದೊಳಗೆ ಕ್ಯಾಮೆರಾ ನಡೆಸುವಂತಿಲ್ಲ ಎಂದು ಹೇಳಿತು. ಸುಪ್ರೀಂ ಕೋರ್ಟು ಅದರಲ್ಲಿ ಕೈಹಾಕಲಿಲ್ಲ. ಅಜ್ಜಿ ಕೇಳಿದ ಪ್ರಶ್ನೆ ನ್ಯಾಯಾಲಯದವರೆಗೂ ಹೋದ ಪ್ರಶ್ನೆಯೇ. ಎರಡನೆಯದು ಸಾಕ್ಷ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ವಿಧಿಯಂತೆ ವಿಡಿಯೊದ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯ ಇರಬೇಕು. ಪೆಟ್ಟಿಗೆ ನಮ್ಮದಾದರೆ ಪ್ರಮಾಣ ಮಾಡುವ ಹೊಣೆಯೂ ನಮ್ಮದು.

ಒಟ್ಟಿನಲ್ಲಿ ನನ್ನ ವಾದ ಇಷ್ಟು. ಕಾವಲು ಮನೆಯಿಂದ ಹೊರಗೆ ಹೋದದ್ದು ಕ್ಲೌಡಿನಿಂದ ಅಲ್ಲ, 1870ರ ದಶಕದ ತಂತಿಯಿಂದ. ಅದನ್ನು ಮನೆಗೆ ವಾಪಸು ತರುವುದು ಸಾಧ್ಯ, ಆದರೆ ತಂದಮಾತ್ರಕ್ಕೆ ನ್ಯಾಯ ಆಗುವುದಿಲ್ಲ. ದಾಖಲೆ ಎಲ್ಲಿದೆ ಎಂಬುದರ ಜೊತೆಗೆ, ನೋಡಲ್ಪಡುವವರಿಗೆ ಅದನ್ನು ಆರಿಸುವ ಅಧಿಕಾರ ಇದೆಯೇ ಎಂಬುದನ್ನೂ ಕೇಳಬೇಕು.

ಸಂವಾದದಲ್ಲಿ ಒಬ್ಬ ಅಧ್ಯಾಪಕರು, "ಇದೆಲ್ಲ ಕಂಪ್ಯೂಟರ್ ಗೊತ್ತಿದ್ದವರಿಗೆ ಆಯ್ತು, ಉಳಿದವರು ಎಂತ ಮಾಡುವುದು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ ಸರ್. ಅಂಗಡಿಯಲ್ಲಿ ಸಿಗುವ ಸಾಮಾನ್ಯ ರೆಕಾರ್ಡರನ್ನು ತಂದು, ಅದಕ್ಕೆ ಇಂಟರ್ನೆಟ್ಟಿನ ಕೇಬಲ್ ಹಾಕದೆ, ಮನೆಯ ಟಿ.ವಿ.ಗೆ ಜೋಡಿಸಿದರೆ ಸಾಕು. ಕ್ಲೌಡ್ ಇಲ್ಲದ ಕಾವಲು ಅಷ್ಟೇ. ದೂರದಿಂದ ನೋಡಲಿಕ್ಕೆ ಆಗುವುದಿಲ್ಲ, ಅದೊಂದೇ ಕೊರತೆ.

ಇನ್ನೊಬ್ಬರು, ಅಜ್ಜಿ ಆ ಸ್ವಿಚ್ಚನ್ನು ಬಳಸುತ್ತಾರಾ ಎಂದು ಕೇಳಿದರು. ಬಳಸುತ್ತಾರೆ. ಸಂಜೆ ದೀಪ ಹಚ್ಚಿದ ಮೇಲೆ ಸ್ವಲ್ಪ ಹೊತ್ತು ತೆರೆದಿಡುತ್ತಾರೆ, ಮಾವ ಆ ಹೊತ್ತಿಗೆ ಅಂಗಳ ನೋಡಿ ಫೋನು ಮಾಡುತ್ತಾರೆ. ಮಧ್ಯಾಹ್ನ ಅದು ಮುಚ್ಚಿರುತ್ತದೆ. ಅಜ್ಜಿ ಈಗ ಮತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂರುತ್ತಾರೆ.

ಇಷ್ಟು ಹೇಳಿ ಮುಗಿಸ್ತೇನೆ.